ಅತ್ತೆಯವರ ಕೈ ಅಳತೆ ಮಗಳ ಕೈಗೆ ದಾಟುವ ಬಗೆ

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಈಗ ಕಲಬುರಗಿಯಲ್ಲಿ ಮನೆ ಮಾಡಿದ್ದೇವೆ. ಎಳ್ಳ ಅಮಾವಾಸ್ಯೆಯ ಭಜ್ಜಿ (ಹಸಿ ಕಾಳು, ಕಾಯಿಪಲ್ಯ, ಸೊಪ್ಪು ಸೇರಿಸಿ ಬೇಯಿಸುವ ಗಟ್ಟಿ ಪಲ್ಯ), ಸಜ್ಜೆ ಕಡಬು, ಪಂಚಮಿಯ ಉಂಡಿ, ಯುಗಾದಿಯ ಹೋಳಿಗೆ ಎಲ್ಲವೂ ಇಂದಿಗೂ ನಮ್ಮ ಅತ್ತೆಯವರ ಕೈಯಿಂದಲೇ ಆಗಬೇಕು. ಅವರಿಗೆ ಎಂಬತ್ತು ಸಮೀಪಿಸಿದೆ. ಅಳತೆ ಕೇಳಿದರೆ, "ಎಷ್ಟು ಬೇಕೋ ಅಷ್ಟು ಹಾಕೋದು, ಕೈಗೆ ತಿಳೀತದ" ಎನ್ನುತ್ತಾರೆ. ಕಳೆದ ಹಬ್ಬದಲ್ಲಿ ಅವರು ಭಜ್ಜಿ, ಕಡಬು ಮಾಡುವುದನ್ನು ಪೂರ್ತಿ ವಿಡಿಯೊ ಮಾಡಿ ಪುಣೆಯಲ್ಲಿರುವ ಮಗಳಿಗೆ ಕಳಿಸಿದೆ. ಅವಳು ಫ್ರೋಜನ್ ಬಟಾಣಿ, ಪ್ಯಾಕೆಟ್ ಸಜ್ಜೆ ಹಿಟ್ಟು ತಂದು ಹಾಗೆಯೇ ಮಾಡಿದಳು. ಭಜ್ಜಿ ಸಿಹಿಯಾಯಿತು, ಕಡಬು ಒಡೆದು ಕಹಿಯಾದವು. ಇವನ್ನೆಲ್ಲ ಬರೆದಿಡುವ ಸರಿಯಾದ ಕ್ರಮ ಯಾವುದು? ಮಗಳು ಎಣ್ಣೆ, ಬೆಲ್ಲ ಕಡಿಮೆ ಮಾಡಬೇಕು ಎನ್ನುತ್ತಾಳೆ, ಅತ್ತೆಯವರು ಒಪ್ಪುವುದಿಲ್ಲ. ಇದಕ್ಕೇನು ಮಾಡುವುದು?

ಉತ್ತರ: ನಿಮ್ಮ ಮಗಳ ಕೈಯಲ್ಲಿ ಕೊರತೆಯಿಲ್ಲ, ನೀವು ಮಾಡಿದ ವಿಡಿಯೊದಲ್ಲಿಯೂ ತಪ್ಪಿಲ್ಲ. ವಿಡಿಯೊದಲ್ಲಿ ಕೈ ಆಡುವುದು ಕಾಣುತ್ತದೆ. ಆ ಕಾಳನ್ನು ಯಾವಾಗ ಹೊಲದಿಂದ ತಂದದ್ದು, ಆ ಹಿಟ್ಟನ್ನು ಬೀಸಿಸಿ ಎಷ್ಟು ದಿನವಾಯಿತು, ಹುಣಸೆಹಣ್ಣು ಹೊಸದೋ ಹಳೆಯದೋ, ಹಿಟ್ಟಿಗೆ ಸುರಿದ ನೀರು ಎಷ್ಟು ಕಾದಿತ್ತು ಎಂಬುದು ಕಾಣುವುದಿಲ್ಲ. ಹಬ್ಬದ ಅಡುಗೆ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವಾಗ ಹೆಚ್ಚಾಗಿ ಕಳೆದುಹೋಗುವುದು ಈ ಸಂಗತಿಗಳೇ. ಮಾಡುವ ವಿಧಾನ ಹೇಗೋ ಉಳಿದುಕೊಳ್ಳುತ್ತದೆ, ಸಾಮಾನು ಮತ್ತು ಹದ ಜಾರಿಹೋಗುತ್ತವೆ. ಆದ್ದರಿಂದ ನಿಮ್ಮ ದಾಖಲೆ ಸಾಮಾನಿನಿಂದ ಶುರುವಾಗಲಿ, ವಿಧಾನ ಅದರ ಹಿಂದೆ ಬರಲಿ.

ಎಳ್ಳ ಅಮಾವಾಸ್ಯೆಯನ್ನೇ ನೋಡೋಣ. ಮಾರ್ಗಶಿರ ಮಾಸದ ಕೊನೆಗೆ ಬರುವ ಈ ಅಮಾವಾಸ್ಯೆ ಕ್ಯಾಲೆಂಡರಿನಲ್ಲಿ ಒಂದೇ ಕಡೆ ನಿಲ್ಲುವುದಿಲ್ಲ. 2024ರಲ್ಲಿ ಅದು ಜನವರಿ 11ಕ್ಕೆ ಒಮ್ಮೆ, ಡಿಸೆಂಬರ್ 30ಕ್ಕೆ ಮತ್ತೊಮ್ಮೆ ಬಂತು, 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಮೂರು ವಾರಗಳ ಈ ಅಂತರದಲ್ಲಿ ಹೊಲದ ಚಿತ್ರವೇ ಬದಲಾಗುತ್ತದೆ. ಹಬ್ಬ ಬೇಗ ಬಂದ ವರ್ಷ ತೊಗರಿಕಾಯಿ ಎಳೆಯದಾಗಿರುತ್ತದೆ, ಹಸಿ ಕಡಲೆ ಇನ್ನೂ ಕಾಳು ಕಟ್ಟಿರುವುದಿಲ್ಲ. ತಡವಾಗಿ ಬಂದ ವರ್ಷ ಕಡಲೆ ಸಿಗುತ್ತದೆ, ಆದರೆ ಬೇಗ ಬಲಿಯುವ ತಳಿಯ ತೊಗರಿ ಅಷ್ಟರಲ್ಲಿ ಕಟಾವಿಗೆ ಬಂದು ಕಾಳು ಗಟ್ಟಿಯಾಗಿರುತ್ತದೆ. ನಿಮ್ಮ ಅತ್ತೆಯವರು ಇಷ್ಟು ವರ್ಷವೂ ಇದಕ್ಕೆ ತಕ್ಕಂತೆ ಕಾಳು, ಹುಳಿ, ಬೇಯಿಸುವ ಹೊತ್ತು ಹೊಂದಿಸಿಕೊಂಡೇ ಬಂದಿದ್ದಾರೆ. "ಎಷ್ಟು ಬೇಕೋ ಅಷ್ಟು" ಎಂಬ ಅವರ ಮಾತಿನಲ್ಲಿ ಹಾರಿಕೆಯಿಲ್ಲ. ಪ್ರತಿ ವರ್ಷ ಬದಲಾಗುವ ಬೆಳೆಗೆ ಒಂದೇ ಅಳತೆ ಹೇಳಲು ಬರುವುದಿಲ್ಲ ಎಂಬುದೇ ಅದರ ಅರ್ಥ. ಹೀಗಾಗಿ ಭಜ್ಜಿಯನ್ನು ಒಮ್ಮೆ ಬರೆದು ಮುಗಿಸಬೇಡಿ. ಕನಿಷ್ಠ ಎರಡು ಮೂರು ವರ್ಷ, ಹಬ್ಬದ ತಾರೀಖು, ಆ ದಿನ ಹೊಲದಲ್ಲಿಯೂ ಸಂತೆಯಲ್ಲಿಯೂ ಸಿಕ್ಕ ಕಾಳು ಮತ್ತು ತಪ್ಪಲು (ಸೊಪ್ಪು) ಯಾವುವು ಎಂಬುದನ್ನು ಮೇಲೆ ಬರೆದು, ಅದರ ಕೆಳಗೆ ಆ ವರ್ಷದ ಭಜ್ಜಿಯನ್ನು ಬರೆಯಿರಿ.

ಫ್ರೋಜನ್ ಬಟಾಣಿ ಸಿಹಿಯಾದ ಕಾಳು, ಅದಕ್ಕೆ ಹಸಿ ತೊಗರಿಯ ಕಂಪು ಇಲ್ಲ. ಅದನ್ನೇ ಮುಖ್ಯ ಕಾಳು ಮಾಡಿದರೆ ಭಜ್ಜಿ ಸಿಹಿಯಾಗದೆ ಇರುವುದಿಲ್ಲ. ಚಳಿಗಾಲದಲ್ಲಿ ಪುಣೆಯ ಸಂತೆಗೂ ಹಸಿ ತೊಗರಿಕಾಯಿ ಬರುತ್ತದೆ. ನಿಮ್ಮ ಮಗಳು ತರಕಾರಿಯವರನ್ನು ಕೇಳಿ ನೋಡಲಿ. ಸಿಗದಿದ್ದರೆ ನೀವೇ ಇಲ್ಲಿಂದ ಕಾಳು ಸುಲಿದು ಕಳಿಸಬಹುದು. ಸುಲಿದ ಕಾಳನ್ನು ಕುದಿಯುವ ನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆದು, ಕೂಡಲೇ ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ, ಚೀಲದ ಗಾಳಿ ಹೊರಡಿಸಿ ಫ್ರೀಜರಿನಲ್ಲಿಟ್ಟರೆ ಬಣ್ಣವೂ ಕಂಪೂ ತಿಂಗಳುಗಟ್ಟಲೆ ನಿಲ್ಲುತ್ತವೆ. ಬಿಸಿನೀರಿಗೆ ಹಾಕದೆ ಹಾಗೆಯೇ ಇಟ್ಟರೆ ಕಾಳು ದಿನ ಕಳೆದಂತೆ ಕಂದಿ ಹಳಸಲು ವಾಸನೆ ಹಿಡಿಯುತ್ತದೆ. ಇದೂ ಆಗದಿದ್ದರೆ ಒಣ ತೊಗರಿ ಕಾಳನ್ನು ರಾತ್ರಿ ನೆನೆಹಾಕಿ ಬೇರೆಯಾಗಿ ಬೇಯಿಸಿಕೊಂಡು ಸೇರಿಸುವುದು ಬಟಾಣಿಗಿಂತ ಎಷ್ಟೋ ಮೇಲು.

ಭಜ್ಜಿಯಲ್ಲಿ ಸಾಮಾನು ಬೀಳುವ ಕ್ರಮವನ್ನು ಕಾರಣದ ಸಮೇತ ಬರೆಯಬೇಕು. ಮೊದಲು ಕಾಳು, ಆಮೇಲೆ ಬದನೆಕಾಯಿ, ಗಜ್ಜರಿ, ಅದರ ಹಿಂದೆ ಮೆಂತ್ಯ, ಪಾಲಕ, ಉಳ್ಳಾಗಡ್ಡಿ ತಪ್ಪಲು, ಎಲ್ಲ ಬೆಂದ ಮೇಲೆ ಹುಳಿ ಮತ್ತು ಕಡಲೆ ಹಿಟ್ಟು. ಹುಣಸೆ ಹುಳಿಯಾಗಲಿ, ಕೆಲವು ಮನೆಗಳಲ್ಲಿ ಹಾಕುವ ಹುಳಿ ಮಜ್ಜಿಗೆಯಾಗಲಿ ಮೊದಲೇ ಬಿದ್ದರೆ ಕಾಳು, ಕಾಯಿಪಲ್ಯ ಬೇಗ ಮೆತ್ತಗಾಗುವುದಿಲ್ಲ. ಗೋಡೆ ಕಟ್ಟಿದಂತಿರುವ ಅವುಗಳ ನಾರಿನ ಅಂಶವನ್ನು ಹುಳಿ ಬಿಗಿ ಮಾಡುತ್ತದೆ. ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿಕೊಂಡು ಸುರಿಯಬೇಕು. ಸುರಿದ ಮೇಲೆ ಸಣ್ಣ ಉರಿಯಲ್ಲಿ ತಳ ಹತ್ತದಂತೆ ತಿರುವುತ್ತಾ ಹಸಿ ವಾಸನೆ ಹೋಗುವತನಕ, ಸುಮಾರು ಹತ್ತು ನಿಮಿಷ, ಕುದಿಸಬೇಕು. ನಿಮ್ಮ ಅತ್ತೆಯವರು ಈ ಕಾರಣಗಳನ್ನು ಬಾಯಿಬಿಟ್ಟು ಹೇಳದಿರಬಹುದು, ಏಕೆಂದರೆ ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನಿಸಿರಲಿಕ್ಕಿಲ್ಲ. "ಹುಳಿ ಈಗಲೇ ಯಾಕೆ ಹಾಕಬಾರದು?" ಎಂದು ನೀವೇ ಕೇಳಬೇಕು. ಕಾರಣ ಗೊತ್ತಿರುವ ಕ್ರಮವನ್ನು ಮಗಳು ಮರೆಯುವುದಿಲ್ಲ.

ಇನ್ನು ಕಡಬಿನ ಕಹಿಯ ವಿಷಯ. ಸಜ್ಜೆಯಲ್ಲಿ ಕೊಬ್ಬಿನ ಅಂಶ ಸುಮಾರು ಶೇ 5ರಷ್ಟಿದೆ, ಜೋಳಕ್ಕಿಂತ ಹೆಚ್ಚು. ಕಾಳು ಇಡಿಯಾಗಿರುವತನಕ ಚಿಂತೆಯಿಲ್ಲ. ಬೀಸಿದ ಕೂಡಲೇ ಕಾಳಿನಲ್ಲಿಯೇ ಇರುವ ಕಿಣ್ವ ಆ ಕೊಬ್ಬನ್ನು ಒಡೆಯಲು ಶುರುಮಾಡುತ್ತದೆ, ವಾರ ಹತ್ತು ದಿನಗಳಲ್ಲಿ ಹಿಟ್ಟು ಕಹಿಯಾಗುತ್ತದೆ. ಅಂಗಡಿಯ ಪ್ಯಾಕೆಟ್ ಬೀಸಿದ ದಿನದಿಂದ ಮಗಳ ಕೈ ಸೇರುವಷ್ಟರಲ್ಲಿ ಅದಕ್ಕಿಂತ ಹೆಚ್ಚು ದಿನ ಕಳೆದಿರುವ ಸಂಭವವೇ ಜಾಸ್ತಿ. ನಮ್ಮ ಕಡೆ ಹಬ್ಬಕ್ಕೆ ಎರಡು ಮೂರು ದಿನ ಇದ್ದಾಗ ಸಜ್ಜೆ ಬೀಸಿಸುವ ರೂಢಿ ಇರುವುದು ಇದೇ ಕಾರಣಕ್ಕೆ. ಮಗಳಿಗೆ ಹಿಟ್ಟಿನ ಬದಲು ಕಾಳು ಕಳಿಸಿ, ಅಲ್ಲಿನ ಗಿರಣಿಯಲ್ಲಾಗಲಿ ಮನೆಯ ಮಿಕ್ಸರಿನಲ್ಲಾಗಲಿ ಬೇಕಾದಷ್ಟನ್ನೇ ಬೀಸಿಕೊಳ್ಳಲಿ, ಉಳಿದ ಹಿಟ್ಟನ್ನು ಫ್ರಿಜ್ಜಿನಲ್ಲಿಡಲಿ.

ಕಡಬು ಒಡೆದದ್ದಕ್ಕೆ ನೀರು ಕಾರಣವಾಗಿರಬೇಕು. ಗೋಧಿ ಹಿಟ್ಟು ತಣ್ಣೀರಿನಲ್ಲಿ ಕಲಸಿದರೂ ಜಿಗಿ ಬರುತ್ತದೆ, ಅದರಲ್ಲಿ ಗ್ಲುಟೆನ್ ಇದೆ. ಸಜ್ಜೆಗೂ ಜೋಳಕ್ಕೂ ಅದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದೆ, ಆ ಅಂಟೇ ಕಡಬನ್ನು ಹಿಡಿದಿಡುತ್ತದೆ. ನೀರು ಬರೀ ಬಿಸಿಯಾಗಿದ್ದರೆ ಸಾಲದು, ಕೊತಕೊತನೆ ಕುದಿಯುತ್ತಿರಬೇಕು, ಸುರಿದ ಮೇಲೆ ಸ್ವಲ್ಪ ಹೊತ್ತು ಮುಚ್ಚಿಟ್ಟು, ಕೈಗೆ ತಾಳುವಷ್ಟು ಬಿಸಿಯಿರುವಾಗಲೇ ಅಂಗೈ ಬುಡದಿಂದ ನಾದಬೇಕು. ವಿಡಿಯೊದಲ್ಲಿ ಹಿಟ್ಟಿಗೆ ನೀರು ಸುರಿದದ್ದಷ್ಟೇ ಕಾಣುತ್ತದೆ. ಅತ್ತೆಯವರು ಅದಕ್ಕೂ ಮುಂಚೆ ಒಲೆಯ ಮುಂದೆ ಎಸರನ್ನು ನೋಡುತ್ತಾ ಕಾದದ್ದು ಅದರಲ್ಲಿ ಬಂದಿರಲಿಕ್ಕಿಲ್ಲ.

ಬರೆದುಕೊಳ್ಳುವ ಕ್ರಮಕ್ಕೆ ಬರುತ್ತೇನೆ. ಅತ್ತೆಯವರು ಮಾಡುವಾಗ ಪಕ್ಕದಲ್ಲಿ ನಿಂತು ಬರೆಯುವುದಕ್ಕಿಂತ ಫಲ ಕೊಡುವ ದಾರಿಯೊಂದಿದೆ. ಅವರು ಕುರ್ಚಿ ಹಾಕಿಕೊಂಡು ಕೂರಲಿ, ನೀವು ಅಥವಾ ಮಗಳು ಮಾಡಿ, ಮನೆಯ ಇನ್ನೊಬ್ಬರು, ಮಗನಾದರೂ ಸರಿ, ಅವರ ಮಾತನ್ನೆಲ್ಲ ಬರೆದುಕೊಳ್ಳಲಿ. ತಾವೇ ಮಾಡುವಾಗ ಹಿರಿಯರು ಮಾತಾಡುವುದಿಲ್ಲ, ಕೈಗೆ ಎಲ್ಲ ಗೊತ್ತಿರುತ್ತದೆ. ಬೇರೆಯವರು ಮಾಡುವುದನ್ನು ನೋಡುವಾಗ ಮಾತ್ರ, "ಇನ್ನೊಂದೀಟು ನಾದು, ಅಂಚು ಸೀಳ್ಯಾವ ನೋಡು", "ಈಗಲೇ ಉರಿ ತೆಗೀಬ್ಯಾಡ, ಎಣ್ಣಿ ಮ್ಯಾಲೆ ಬಂದಿಲ್ಲ" ಎಂದು ತಾವಾಗಿಯೇ ತಿದ್ದುತ್ತಾರೆ. ಆ ತಿದ್ದುಪಡಿಗಳೇ ನಿಮಗೆ ಬೇಕಾಗಿರುವ ಅಡುಗೆ ಪುಸ್ತಕ. ಅವನ್ನು ಅವರ ಮಾತಿನಲ್ಲಿಯೇ ಬರೆಯಿರಿ, ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ. "ಮಧ್ಯಮ ಉರಿಯಲ್ಲಿ ಐದು ನಿಮಿಷ" ಎಂದು ಬರೆದರೆ ಪುಣೆಯ ಇಂಡಕ್ಷನ್ ಒಲೆಯ ಮೇಲೆ ಅದಕ್ಕೆ ಅರ್ಥವಿಲ್ಲ. "ಎಣ್ಣಿ ಮ್ಯಾಲೆ ಬರೋತನ" ಎಂಬುದು ಯಾವ ಒಲೆಯ ಮೇಲಾದರೂ ಅದೇ.

ಅಳತೆಗೆ ಒಂದು ಡಿಜಿಟಲ್ ತಕ್ಕಡಿ ಸಾಕು. ಅತ್ತೆಯವರ ಕೈಯಿಂದ ಹಿಟ್ಟು ಕಸಿದು ತೂಗುವ ಅಗತ್ಯವಿಲ್ಲ, ಅದರಿಂದ ಅವರಿಗೆ ಬೇಸರವಾಗುತ್ತದೆ, ಅವರ ಕೈಯ ಲಯವೂ ಕೆಡುತ್ತದೆ. ಕಡಲೆ ಹಿಟ್ಟಿನ ಡಬ್ಬಿಯನ್ನು ಅವರು ಮುಟ್ಟುವ ಮೊದಲು ತೂಗಿ, ಮುಗಿದ ಮೇಲೆ ಮತ್ತೆ ತೂಗಿ. ಡಬ್ಬಿ ಮೊದಲು 640 ಗ್ರಾಂ ಇದ್ದು ಆಮೇಲೆ 575 ಗ್ರಾಂ ಆಗಿದ್ದರೆ ಭಜ್ಜಿಗೆ ಬಿದ್ದ ಹಿಟ್ಟು 65 ಗ್ರಾಂ. ಉಪ್ಪು, ಎಣ್ಣೆ, ಬೆಲ್ಲ, ಖಾರ ಎಲ್ಲಕ್ಕೂ ಇದೇ ಲೆಕ್ಕ. ಉಪ್ಪಿಗೆ ಮಾತ್ರ ಒಂದು ಗ್ರಾಂನ ವ್ಯತ್ಯಾಸವನ್ನೂ ತೋರಿಸುವ ತಕ್ಕಡಿ ಬೇಕು. ಅವರ ಒಂದು ಹಿಡಿ, ಒಂದು ಚಿಟಿಕೆ ಎಷ್ಟೆಂದು ತಿಳಿಯಲು ಒಂದೊಂದನ್ನೂ ಐದು ಸಲ ಹಾಕಿಸಿ ಸರಾಸರಿ ತೆಗೆಯಿರಿ. ನಿಮ್ಮ ಹಿಡಿ ಅವರ ಹಿಡಿಗಿಂತ ದೊಡ್ಡದೋ ಸಣ್ಣದೋ ಆಗಿರುತ್ತದೆ, ಮಗಳದು ಇನ್ನೊಂದು ಬಗೆ. ಕೊನೆಗೆ ಭಜ್ಜಿ ಇಳಿಸಿದ ಮೇಲೆ ಪಾತ್ರೆಯ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆದು, ಹಾಕಿದ ಸಾಮಾನು ಮತ್ತು ನೀರಿನ ಒಟ್ಟು ತೂಕದೊಡನೆ ಹೋಲಿಸಿದರೆ ಎಷ್ಟು ನೀರು ಆವಿಯಾಯಿತೆಂದು ಕೂಡ ತಿಳಿಯುತ್ತದೆ. ಭಜ್ಜಿಯ ಗಟ್ಟಿತನವನ್ನು ಮಾತಿನಲ್ಲಿ ಹಿಡಿಯುವುದು ಕಷ್ಟ, ಈ ಲೆಕ್ಕ ಅಲ್ಲಿ ನೆರವಿಗೆ ಬರುತ್ತದೆ.

ಮನೆಯಲ್ಲಿ ಹಳೆಯ ಸೇರು, ಅಡಸೇರು, ಪಾವು ಇದ್ದರೆ ಅವನ್ನು ದಯವಿಟ್ಟು ಹಳೇ ಸಾಮಾನಿನವರಿಗೆ ಹಾಕಬೇಡಿ. ದೇಶದಲ್ಲಿ ಮೆಟ್ರಿಕ್ ತೂಕಗಳು ಬಂದದ್ದು 1958ರ ಅಕ್ಟೋಬರಿನಿಂದ. ಅದಕ್ಕೆ ಮುಂಚೆ ಸೇರು ತೂಕವೂ ಹೌದು, ಅಳೆಯುವ ಪಾತ್ರೆಯೂ ಹೌದು, ಅದರ ಪ್ರಮಾಣ ಸೀಮೆಗೊಂದು ಬಗೆ ಇತ್ತು. ನಿಮ್ಮ ಅತ್ತೆಯವರು ತಮ್ಮ ಅತ್ತೆಯವರಿಂದ ಕಲಿತ "ಒಂದು ಸೇರು ಬ್ಯಾಳಿಗೆ ಒಂದು ಸೇರು ಬೆಲ್ಲ" ಎಂಬ ಲೆಕ್ಕ ಆ ಪಾತ್ರೆಯಲ್ಲಿಯೇ ಇದೆ. ಆ ಸೇರಿಗೆ ತಲೆತಟ್ಟಿ ಕಡಲೆ ಬೇಳೆ ತುಂಬಿ ತೂಗಿ ಬರೆದಿಡಿ, ಬೆಲ್ಲದ ಪುಡಿಯನ್ನೂ ಬೇರೆಯಾಗಿ ತುಂಬಿ ತೂಗಿ, ಎರಡರ ತೂಕ ಒಂದೇ ಆಗಿರುವುದಿಲ್ಲ. ಹೋಳಿಗೆಯ ಹೂರಣ ಕೆಲವರಿಗೆ ತೀರ ಸಿಹಿಯಾಗುವುದು, ಕೆಲವರಿಗೆ ಸಡಿಲಾಗುವುದು ಅಳತೆಯ ಪಾತ್ರೆಯನ್ನೂ ತೂಕವನ್ನೂ ಒಂದೆಂದು ತಿಳಿದಾಗಲೇ. ತೊಲದ ಲೆಕ್ಕದಲ್ಲಿ ಏಲಕ್ಕಿ, ಗಸಗಸೆ ಹೇಳಿದರೆ ತೊಲಕ್ಕೆ 11.66 ಗ್ರಾಂ ಎಂದು ಹಿಡಿಯಿರಿ.

ಹೂರಣದಲ್ಲಿಯೂ ಕ್ರಮದ ಮಾತಿದೆ. ಬೇಳೆ ಪೂರ್ತಿ ಬೆಂದು ಬೆರಳಲ್ಲಿ ಹಿಸುಕಿದರೆ ನುಣ್ಣಗಾಗಬೇಕು, ಕಟ್ಟು ಬಸಿದುಕೊಳ್ಳಬೇಕು, ಆಮೇಲೆಯೇ ಬೆಲ್ಲ. ಬೆಲ್ಲ ಬಿದ್ದ ಮೇಲೆ ಬೇಳೆ ಮುಂದೆ ಬೇಯುವುದಿಲ್ಲ. ತೊಗರಿ ಬೇಳೆಯ ಹೋಳಿಗೆ ಮಾಡುವ ಮನೆಗಳು ನಮ್ಮಲ್ಲಿ ಉಂಟು. ಮಗಳು ಅದನ್ನು ಮಾಡುವುದಾದರೆ ಬೇಳೆ ಇಲ್ಲಿಂದಲೇ ಹೋಗಲಿ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮನ್ನಣೆ ಸಿಕ್ಕಿದೆ, ಹೊರಗೆ ಕೊಳ್ಳುವಾಗ ಆ ಗುರುತನ್ನು ಕೇಳಿ ಕೊಳ್ಳಬಹುದು. ಬೆಲ್ಲದ ವಿಷಯದಲ್ಲಿ, ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ಬರಲು ಹೈಡ್ರೋಸ್ ಎಂಬ ರಾಸಾಯನಿಕ ಬೆರೆಸಿರುವುದುಂಟು, ಕಂದು ಬಣ್ಣದ ಬೆಲ್ಲವೇ ಹೋಳಿಗೆಗೆ ಒಳ್ಳೆಯದು. ಬೆಲ್ಲ ಬದಲಾದರೆ ಹೂರಣ ಗಟ್ಟಿಯಾಗುವ ಹೊತ್ತೂ ಬದಲಾಗುತ್ತದೆ ಎಂಬುದನ್ನು ಬರೆದಿಡಿ.

ಪಂಚಮಿಯ ಉಂಡಿಗಳಲ್ಲಿ ಶೇಂಗಾ, ತಂಬಿಟ್ಟು ಸುಲಭ, ಒಮ್ಮೆ ಕುಟ್ಟಿ ಕಟ್ಟಿದರೆ ಮಗಳು ಕಲಿಯುತ್ತಾಳೆ. ಪಾಕ ಬೇಕಾದ ಶೇವಿನ ಉಂಡಿ ಮಾತ್ರ ಪಕ್ಕದಲ್ಲಿ ನಿಂತೇ ಕಲಿಯಬೇಕಾದದ್ದು. ತಣ್ಣೀರಿನ ಬಟ್ಟಲಿಗೆ ಬಿಟ್ಟ ಹನಿ ಕರಗದೆ ಬೆರಳಲ್ಲಿ ಮೆತ್ತನೆಯ ಉಂಡೆಯಾದಾಗ ಇಳಿಸಬೇಕು. ಥರ್ಮಾಮೀಟರ್ ಇದ್ದರೆ ಅದು 115 ಡಿಗ್ರಿ ಸೆಲ್ಸಿಯಸ್ ಆಸುಪಾಸು ತೋರಿಸುತ್ತದೆ. ಶ್ರಾವಣದ ಹವೆಯಲ್ಲಿ ಬೆಲ್ಲ ತೇವ ಹೀರಿಕೊಂಡಿರುವುದರಿಂದ ಅಲ್ಲಿಗೆ ಮುಟ್ಟಲು ಬೇಸಿಗೆಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಗಡಿಯಾರ ನೋಡಿ ಇಳಿಸುವವರ ಉಂಡಿ ಕೈಯಲ್ಲಿಯೇ ಉದುರುವುದು ಇದರಿಂದ.

ನೀವು ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಎಳ್ಳ ಅಮಾವಾಸ್ಯೆಯ ಅಡುಗೆ ಹೊಲಕ್ಕೆಂದು ಕಟ್ಟಿದ ಅಡುಗೆ. ಬುತ್ತಿಗೆ ಬರಬೇಕು, ಮಧ್ಯಾಹ್ನದವರೆಗೆ ಕೆಡಬಾರದು, ಹಿಂಗಾರಿ ಜೋಳದ ನಡುವೆ ಕೂತು ಕೈಯಲ್ಲಿ ತಿನ್ನಲು ಬರಬೇಕು ಎಂದೇ ಭಜ್ಜಿ ಗಟ್ಟಿಯಾಗಿದೆ, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಒಣಗಿಸುತ್ತಾರೆ, ಅಂಬಲಿ ಗಡಿಗೆಯಲ್ಲಿ ತಂಪಾಗಿರುತ್ತದೆ. ಪಾಂಡವರೆಂದು ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಎಡೆ ತೋರಿಸಿ, ಹೊಲದ ಸುತ್ತ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಚೆಲ್ಲಿದ ಮೇಲೆಯೇ ಮನೆಮಂದಿ ಉಣ್ಣುತ್ತಾರೆ. ಚರಗಕ್ಕೆ ಏನೇನು ಬೆರೆಸುತ್ತಾರೆ, ಮೊದಲ ಎಡೆ ಯಾವುದು, ಚೆಲ್ಲುವಾಗ ನಿಮ್ಮ ಮನೆಯ ಗಂಡಸರು ಕೂಗುವ ಕೂಗು ಏನು, ಇವೂ ನಿಮ್ಮ ವಹಿಯಲ್ಲಿ ಇರಬೇಕು. ಕೂಗನ್ನು ಊರಿನ ಹಿರಿಯರ ದನಿಯಲ್ಲಿಯೇ ರೆಕಾರ್ಡ್ ಮಾಡಿಕೊಳ್ಳಿ, ವಿಡಿಯೊ ನಿಜಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ಸಾಧ್ಯವಾದರೆ ಒಂದು ವರ್ಷವಾದರೂ ಮಗಳು ರಜೆ ಹಾಕಿ ಬಂದು ಹೊಲಕ್ಕೆ ಬುತ್ತಿ ಹೊತ್ತು ಹೋಗಲಿ ಎಂಬುದು ನನ್ನ ಆಸೆ. ಬುತ್ತಿ ಬಿಚ್ಚುವ ಹೊತ್ತಿಗೆ ಭಜ್ಜಿ ಹೇಗಿರಬೇಕೆಂದು ಒಮ್ಮೆ ಕಂಡವರಿಗೆ ಒಲೆಯಿಂದ ಯಾವಾಗ ಇಳಿಸಬೇಕೆಂದು ಹೇಳಿಕೊಡಬೇಕಾಗುವುದಿಲ್ಲ. ಉಳಿದ ಭಜ್ಜಿ ಮರುದಿನ ಇನ್ನೂ ರುಚಿ ಎಂಬ ಮಾತು ನಿಜವೇ, ಆದರೆ ಕಾಳು ಮತ್ತು ಕಡಲೆ ಹಿಟ್ಟಿನ ಪದಾರ್ಥ ಪುಣೆಯ ಬೆಚ್ಚಗಿನ ಫ್ಲ್ಯಾಟಿನಲ್ಲಿ ರಾತ್ರಿಯೆಲ್ಲ ಹೊರಗಿದ್ದರೆ ಹಳಸಬಹುದು. ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ಕುದಿಸಿ ತಿನ್ನಲಿ.

ಬರೆಯುತ್ತಾ ಹೋದಂತೆ ನಿಮ್ಮ ನಾದಿನಿಯರೋ ಅತ್ತೆಯವರ ತಂಗಿಯರೋ, "ನಮ್ಮ ಅವ್ವ ಹೀಂಗ ಮಾಡತಿರಲಿಲ್ಲ" ಎಂದು ಹೇಳುವ ಸಂದರ್ಭ ಬಂದೇ ಬರುತ್ತದೆ. ಒಬ್ಬರು ಹುಣಸೆ, ಇನ್ನೊಬ್ಬರು ಮಜ್ಜಿಗೆ ಎಂದರೆ ಯಾವುದು ಸರಿ ಎಂದು ತೀರ್ಮಾನಿಸಲು ಹೋಗಬೇಡಿ. ಆಳಂದದ ಭಜ್ಜಿ, ಭಾಲ್ಕಿಯ ಭಜ್ಜಿ, ಶಹಾಪುರದ ಭಜ್ಜಿ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ತವರಿನಿಂದ ಬಂದ ಸೊಸೆಯಂದಿರೊಡನೆ ಅಡುಗೆಯೂ ಬಂದಿರುತ್ತದೆ. ಇಬ್ಬರದ್ದನ್ನೂ ಯಾರಿಂದ, ಯಾವ ಊರಿನಿಂದ ಬಂದದ್ದು ಎಂಬುದರ ಸಮೇತ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ.

ಎಣ್ಣೆ, ಬೆಲ್ಲದ ವಿಷಯದಲ್ಲಿ ನಾನು ಅತ್ತೆಯವರ ಪರವೂ ಹೌದು, ಮಗಳ ಪರವೂ ಹೌದು, ಆದರೆ ಸರದಿಯಲ್ಲಿ. ಮೊದಲ ಸಲ ಅತ್ತೆಯವರ ಅಳತೆಯಲ್ಲಿಯೇ, ಒಂದು ಗ್ರಾಂ ಕಡಿಮೆಯಿಲ್ಲದೆ, ಮಗಳು ಮಾಡಲಿ, ಅವರು ತಿಂದು "ಆತು" ಎನ್ನಲಿ. ಮೂಲ ರುಚಿ ಕೈಗೆ ಬಂದ ಮೇಲೆಯೇ ಏನನ್ನು ಕಡಿಮೆ ಮಾಡಬಹುದು, ಏನನ್ನು ಮುಟ್ಟಬಾರದು ಎಂದು ತಿಳಿಯುತ್ತದೆ. ಭಜ್ಜಿಯ ಒಗ್ಗರಣೆ ಎಣ್ಣೆಯನ್ನು ಮೂರನೇ ಒಂದು ಭಾಗ ಇಳಿಸಿದರೆ ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಹೋಳಿಗೆಯ ಹೂರಣದಲ್ಲಿಯೂ ಬೆಲ್ಲವನ್ನು ಒಂದಿಷ್ಟು ಇಳಿಸಬಹುದು, ಆದರೆ ಆಗ ಹೂರಣ ಹೆಚ್ಚು ದಿನ ತಾಳುವುದಿಲ್ಲ, ಎರಡು ದಿನದಲ್ಲಿ ಮುಗಿಸಬೇಕು. ಶೇವಿನ ಉಂಡಿಯ ಪಾಕದಲ್ಲಿ ಮಾತ್ರ ಬೆಲ್ಲ ಇಳಿಸಲು ಬರುವುದಿಲ್ಲ, ಉಂಡಿಯನ್ನು ಹಿಡಿದಿಟ್ಟಿರುವುದೇ ಅದು. ಅಲ್ಲಿ ಉಂಡಿಯನ್ನೇ ಚಿಕ್ಕದು ಕಟ್ಟಲಿ. ಮಗಳು ಮಾಡಿದ ಬದಲಾವಣೆಯನ್ನು ಅಜ್ಜಿಯ ಅಳತೆಯ ಮೇಲೆ ಹೊಡೆದು ಬರೆಯದೆ, ಅದರ ಕೆಳಗೆ ತನ್ನ ಹೆಸರು, ವರ್ಷ ಹಾಕಿ ಬರೆಯಲಿ. ವಹಿಯ ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದನ್ನು ಬರುವ ಪಂಚಮಿಗೆ ಉಂಡಿಯ ಡಬ್ಬಿಯೊಡನೆ ಪುಣೆಗೆ ಕಳಿಸಿ.